ಎಂಬತ್ತರ ದಶಕದ ಸ್ಕೇಟ್‌ಬೋರ್ಡ್ ಡೆಕ್: ಕೊಳ್ಳುವ ಮುನ್ನ ಏನೇನು ನೋಡಬೇಕು?

ಪ್ರಶ್ನೆ, ಸನಿವೇಲ್, ಕ್ಯಾಲಿಫೋರ್ನಿಯಾ

ಎಲ್ಲರಿಗೂ ನಮಸ್ಕಾರ. ನಮ್ಮ ಬೀದಿಯಲ್ಲಿ ಒಬ್ಬರು ಗರಾಜ್ ಖಾಲಿ ಮಾಡ್ತಿದ್ದಾರೆ. 1980ರ ದಶಕದ್ದು ಅಂತ ಮೂರು ಡೆಕ್ (ಸ್ಕೇಟ್‌ಬೋರ್ಡಿನ ಮರದ ಹಲಗೆ) ತೋರಿಸಿದರು. ಮೂರೂ ಒಬ್ಬೊಬ್ಬ ಸ್ಕೇಟರ್ ಹೆಸರಿನವು. ಒಂದು ಪವೆಲ್ ಪೆರಾಲ್ಟಾ ಕಂಪನಿಯ ಸ್ಟೀವ್ ಕಬಲೆರೊ ಮಾದರಿ. ಚೆನ್ನಾಗಿ ಓಡಿಸಿದ್ದಾರೆ, ಕಾಲು ಜಾರದಂತೆ ಮೇಲೆ ಅಂಟಿಸುವ ಗ್ರಿಪ್ ಟೇಪು, ಕೆಳಗೆ ಉದ್ದಕ್ಕೆ ಹಾಕುವ ಪ್ಲಾಸ್ಟಿಕ್ ಪಟ್ಟಿ ಅಂದ್ರೆ ರೇಲು, ಎಲ್ಲಾ ಹಾಗೇ ಇವೆ. ಎರಡನೆಯದು ಸಾಂಟಾ ಕ್ರೂಸ್ ಕಂಪನಿಯ ರಾಬ್ ರೋಸ್ಕಾಪ್. ಟೇಪು ತೆಗೆದಿದ್ದಾರೆ, ಫಳಫಳ ಹೊಳೀತಿದೆ. ಮೂರನೆಯದು ಪವೆಲ್ ಪೆರಾಲ್ಟಾದ ಟೋನಿ ಹಾಕ್. ಪ್ಲಾಸ್ಟಿಕ್ ಹೊದಿಕೆಯನ್ನೇ ಬಿಚ್ಚಿಲ್ಲ, ಅಂಗಡಿಯಿಂದ ತಂದು ಹಾಗೇ ಇಟ್ಟಿದ್ದಂತೆ. ನಾನು ಡೆಕ್ಕಿನ ಕೆಳಮೈ ಮೇಲಿನ ಚಿತ್ರಗಳಿಗೆ ಮನಸೋತವಳು, ಮರದ ವಿಷಯ ಗೊತ್ತಿಲ್ಲ. ಡೆಕ್ಕಿನ ಸ್ಥಿತಿಯನ್ನು ಅಳೆಯೋದು ಹೇಗೆ? ಸಂಗ್ರಹ ಮಾಡಿ ಅನುಭವ ಇರುವವರು ದಯವಿಟ್ಟು ಹೇಳಿ.

ಉತ್ತರ, ಲಾಂಗ್ ಬೀಚ್

ಮೇಡಂ, ಚಿತ್ರವನ್ನು ಕೊನೆಗೆ ನೋಡಿ. ಅದನ್ನೇ ಮೊದಲು ನೋಡಿದರೆ ಮನಸ್ಸು ಅಲ್ಲೇ ಸೋತುಬಿಡುತ್ತೆ, ಉಳಿದದ್ದು ಕಣ್ಣಿಗೆ ಬೀಳಲ್ಲ. ಮೊದಲು ತೂತು, ಆಮೇಲೆ ಬಾಲ ಅಂದ್ರೆ ಹಿಂದಿನ ತುದಿ, ಆಮೇಲೆ ಅಂಚು.

ಟ್ರಕ್ (ಚಕ್ರಗಳನ್ನು ಹಿಡಿಯುವ ಲೋಹದ ಭಾಗ) ಕೂರಿಸುವ ತೂತುಗಳಿಗೆ ಅಳತೆ ಟೇಪ್ ಹಿಡಿಯಿರಿ. 80ರ ದಶಕದ ಡೆಕ್ಕಿನಲ್ಲಿ ಉದ್ದಕ್ಕೆ ಎರಡು ತೂತುಗಳ ನಡುವೆ ಎರಡೂವರೆ ಇಂಚು ಇರುತ್ತೆ. 90ರ ದಶಕದ ಆರಂಭದಲ್ಲಿ ಅದು 2⅛ ಇಂಚಿಗೆ ಇಳಿಯಿತು. ಅಡ್ಡಳತೆ 1⅝ ಇಂಚು ಹಾಗೇ ಉಳಿಯಿತು. ಈಗ ಕಂಪನಿಗಳೇ ಹಳೇ ಮಾದರಿಗಳನ್ನು ಮತ್ತೆ ತಯಾರಿಸಿ ರೀಇಷ್ಯೂ ಅಂತ ಮಾರುತ್ತವೆ. ಎರಡೂ ಕಾಲದ ಟ್ರಕ್ ಕೂರಲಿ ಅಂತ ಅವುಗಳಲ್ಲಿ ಹಲವಕ್ಕೆ ಒಂದೊಂದು ಟ್ರಕ್ಕಿಗೆ ನಾಲ್ಕರ ಬದಲು ಆರು ತೂತು ಕೊರೆದಿರ್ತಾರೆ. ಆರು ತೂತು ಕಂಡ ತಕ್ಷಣ ರೀಇಷ್ಯೂ ಅಂತ ತೀರ್ಮಾನಿಸಬೇಡಿ. ಹಳೇ ಡೆಕ್ಕಿಗೇ ಯಾರೋ ಹೊಸ ಟ್ರಕ್ ಹಾಕಲು ಮನೆಯಲ್ಲಿ ಡ್ರಿಲ್ ಮಾಡಿರಬಹುದು. ಅಂಥ ತೂತು ಸ್ವಲ್ಪ ವಾಲಿರುತ್ತೆ, ಸುತ್ತಲಿನ ಬಣ್ಣ ಚಕ್ಕೆ ಎದ್ದಿರುತ್ತೆ. ಅದರಿಂದ ಬೆಲೆ ಇಳಿಯುತ್ತೆ, ಆದರೆ ಡೆಕ್ ಅಸಲಿಯೇ.

ತೂತಿನ ಹತ್ತಿರ ಟಾರ್ಚನ್ನು ಓರೆಯಾಗಿ ಹಿಡಿದು ನೋಡಿ. ಕೂದಲೆಳೆಯಷ್ಟು ಬಿರುಕು ಒಂದು ತೂತಿನಿಂದ ಇನ್ನೊಂದಕ್ಕೆ ಮರದ ಎಳೆಯ ಗುಂಟ ಓಡಿದ್ದರೆ, ಹೊರೆ ತಿಂದು ತಿಂದು ಹಲಗೆ ಅಲ್ಲಿ ಸೋತಿದೆ. ಗೋಡೆಗೆ ಹಾಕೋದಾದರೆ ತೊಂದರೆ ಇಲ್ಲ. ಓಡಿಸುವ ಆಸೆ ಇದ್ದರೆ ಬೇಡ.

ಇನ್ನು ಬಾಲ. ಬಾಲವನ್ನು ಕಾಂಕ್ರೀಟಿಗೆ ಉಜ್ಜಿ ನಿಲ್ಲಿಸುತ್ತಿದ್ದರು, ಅದಕ್ಕೆ ಅದು ಸವೆದು ಕತ್ತಿಯ ಅಲಗಿನಂತಾಗಿರುತ್ತೆ. ಇದು ಬಳಕೆಯ ಸವೆತ, ಕಣ್ಣಿಗೆ ಕಾಣುತ್ತೆ, ಬೆಲೆ ಮಾತಾಡಬಹುದು. ನನಗೆ ಸಿಟ್ಟು ಬರಿಸೋದು ಬೇರೆ. ಸವೆದ ತುದಿಯನ್ನು ಕತ್ತರಿಸಿ, ಸ್ಯಾಂಡ್‌ಪೇಪರ್ ಹಾಕಿ ದುಂಡಗೆ ಮಾಡಿ "ಒಳ್ಳೇ ಕಂಡೀಶನ್" ಅಂತ ಮಾರ್ತಾರೆ. ಇದನ್ನು ಹಿಡಿಯಲು ಕಂದು ಕಾಗದದ ಮೇಲೆ ಡೆಕ್ ಇಟ್ಟು ಸುತ್ತ ಗೆರೆ ಎಳೆಯಿರಿ, ಕಾಗದವನ್ನು ಉದ್ದಕ್ಕೆ ನಡುವೆ ಮಡಚಿ. ಎಡ ಬಲ ಕೂಡದಿದ್ದರೆ ಯಾರೋ ಕೈ ಹಾಕಿದ್ದಾರೆ. ಹಿಂದಿನ ತೂತಿನಿಂದ ಬಾಲದ ತುದಿವರೆಗಿನ ಉದ್ದವನ್ನು ಅದೇ ಮಾದರಿಯ ಇನ್ನೊಂದು ಡೆಕ್ಕಿನ ಅಳತೆಗೆ ಹೋಲಿಸಿ. ಅರ್ಧ ಇಂಚು ಮಾಯವಾಗಿದ್ದರೂ ಗೊತ್ತಾಗುತ್ತೆ.

ಉತ್ತರ, ಫ್ರೀಮಾಂಟ್

ನಾನು ಮರಗೆಲಸದವನು, ಆ ಕಡೆಯಿಂದ ಎರಡು ಮಾತು. ಈ ಡೆಕ್ಕುಗಳು ಸಾಮಾನ್ಯವಾಗಿ ಮೇಪಲ್ ಮರದ 7 ತೆಳು ಪದರ ಅಂಟಿಸಿ ಒತ್ತಿದವು. ಐದು ಪದರದ ಎಳೆ ಉದ್ದಕ್ಕೆ, ಎರಡರದ್ದು ಅಡ್ಡಕ್ಕೆ. ನೀರು ಕುಡಿದರೆ ಅಂಟು ಬಿಟ್ಟು ಪದರ ಬಾಯಿ ಬಿಡುತ್ತೆ, ಅದೂ ಹೆಚ್ಚಾಗಿ ಮೂಗು, ಬಾಲದ ಅಂಚಿನಲ್ಲಿ. ಬೆರಳ ಗೆಣ್ಣಿನಿಂದ ಉದ್ದಕ್ಕೂ ತಟ್ಟಿ. ಗಟ್ಟಿ ಸದ್ದು ಬರುತ್ತಾ ಇದ್ದು ಒಂದು ಕಡೆ ಮಾತ್ರ ಡಬ್ ಅಂತ ಟೊಳ್ಳು ಕೇಳಿದರೆ ಒಳಗೆ ಬಿಟ್ಟಿದೆ. ಅಂಚಿನಲ್ಲಿ ಸೀಳು ಕಂಡರೆ ಬಿಲ್ ಕಾಗದದ ತುಂಡು ತೂರಿಸಿ ನೋಡಿ, ಎಷ್ಟು ಒಳಗೆ ಹೋಗುತ್ತೋ ಅಷ್ಟು ಆಳ.

ಹಲಗೆ ತಿರುಚಿದೆಯಾ ಅನ್ನೋದಕ್ಕೆ ಎರಡು ನೇರ ಪಟ್ಟಿ ಸಾಕು. ಒಂದನ್ನು ಮುಂದಿನ ತೂತುಗಳ ಹತ್ತಿರ, ಇನ್ನೊಂದನ್ನು ಹಿಂದಿನವುಗಳ ಹತ್ತಿರ, ಎರಡೂ ಅಂಚಿಗೆ ತಾಗುವಂತೆ ಅಡ್ಡ ಇಡಿ. ಬಗ್ಗಿ ಒಂದು ಕಣ್ಣು ಮುಚ್ಚಿ ನೋಡಿ. ಪಟ್ಟಿಗಳು ಒಂದಕ್ಕೊಂದು ಸಮಾನಾಂತರವಾಗಿ ಕಂಡರೆ ಸರಿ. ಬಾಗಿಲು ಚೌಕಟ್ಟಿನ ಮರವನ್ನೂ ನಾವು ನೋಡೋದು ಹೀಗೆಯೇ.

ಊರಿಗೆ ಕಳಿಸುವ ಯೋಚನೆ ಇದ್ದರೆ ಒಂದು ಮಾತು. ಮಂಗಳೂರು, ಉಡುಪಿ ಕಡೆಯ ಮಳೆಗಾಲಕ್ಕೆ ಬಾಯಿ ಬಿಟ್ಟ ಅಂಚು ಇನ್ನಷ್ಟು ಬಿಡುತ್ತೆ. ಹೊರಗೋಡೆಗೆ ತಾಗಿಸಿ ಇಡಬೇಡಿ.

ಉತ್ತರ, ಸ್ಯಾಕ್ರಮೆಂಟೊ

ಚಿತ್ರದ ಬಗ್ಗೆ ನಾನು ಹೇಳ್ತೀನಿ. ಇಲ್ಲಿಗೆ ಬರುವ ಮೊದಲು ಬೆಂಗಳೂರಿನಲ್ಲಿ ಸ್ಕ್ರೀನ್ ಪ್ರಿಂಟಿಂಗ್ ಮಾಡ್ತಿದ್ದೆ, ಲಗ್ನಪತ್ರಿಕೆ, ಬ್ಯಾನರ್ ಎಲ್ಲ. ಆ ಕಾಲದ ಡೆಕ್ ನೋಡಿದರೆ ಕೈ ತಾನಾಗಿ ಅಚ್ಚಿನ ಮೇಲೆ ಹೋಗುತ್ತೆ. ಪವೆಲ್ ಪೆರಾಲ್ಟಾಗೆ ವರ್ನನ್ ಕೋರ್ಟ್‌ಲ್ಯಾಂಡ್ ಜಾನ್ಸನ್ ಬರೆದ ಡ್ರ್ಯಾಗನ್, ತಲೆಬುರುಡೆ, ಸಾಂಟಾ ಕ್ರೂಸ್‌ಗೆ ಜಿಮ್ ಫಿಲಿಪ್ಸ್ ಬರೆದ ರಾಕ್ಷಸ, ಇವೆಲ್ಲ ಸ್ಕ್ರೀನ್ ಪ್ರಿಂಟ್. ಒಂದೊಂದು ಬಣ್ಣಕ್ಕೆ ಒಂದೊಂದು ಸ್ಕ್ರೀನ್, ಒಂದರ ಮೇಲೊಂದು ಎಳೆದದ್ದು. ಉಗುರನ್ನು ಮೆಲ್ಲಗೆ ಆಡಿಸಿದರೆ ಬಣ್ಣದಿಂದ ಬಣ್ಣಕ್ಕೆ ಸಣ್ಣ ಮೆಟ್ಟಿಲು ಸಿಗುತ್ತೆ. ಕೆಲವೆಡೆ ಕಪ್ಪು ಗೆರೆ ಒಂದೆಳೆ ಜರುಗಿ ಕೂತಿರುತ್ತೆ. ಅದು ದೋಷ ಅಲ್ಲ, ಕೈಕೆಲಸದ ಗುರುತು, ನನಗಂತೂ ಬಹಳ ಇಷ್ಟ. 2000ದ ನಂತರ ವ್ಯಾಪಕವಾದ ಹೀಟ್ ಟ್ರಾನ್ಸ್‌ಫರ್‌ನಲ್ಲಿ (ಫಿಲ್ಮಿನ ಮೇಲಿನ ಚಿತ್ರವನ್ನು ಬಿಸಿಯಿಂದ ಒತ್ತಿ ಕೂರಿಸೋದು) ಮೈ ಒಂದೇ ಸಮ ಇರುತ್ತೆ, ಭೂತಗನ್ನಡಿ ಇಟ್ಟರೆ ಎಷ್ಟೋ ಸಲ ಚುಕ್ಕಿಗಳು ಕಾಣುತ್ತವೆ. ಆದರೆ ರೀಇಷ್ಯೂಗಳಲ್ಲೂ ಸ್ಕ್ರೀನ್ ಪ್ರಿಂಟ್ ಇದೆ. ಉಗುರಿಗೆ ಮೆಟ್ಟಿಲು ಸಿಕ್ಕಿತು ಅಂತ ಹಳೇದು ಅನ್ನೋ ಹಾಗಿಲ್ಲ.

ಬಣ್ಣ ಮಾಸಿದ್ದು ಎಷ್ಟು ಅಂತ ತಿಳಿಯಲು ಒಂದು ರೇಲ್ ಬಿಚ್ಚಿಸಿ. ಕೆಳಗೆ ಬಿಸಿಲು ಕಾಣದ ಪಟ್ಟಿ ಇರುತ್ತೆ. ಆ ಕಾಲದ ಫ್ಲೋರೊಸೆಂಟ್ ಗುಲಾಬಿ, ಕಿತ್ತಳೆ ಬಣ್ಣಗಳು ಬೆಳಕಿಗೆ ಎಲ್ಲಕ್ಕಿಂತ ಬೇಗ ಸೋಲುತ್ತವೆ. ರೇಲಿನ ಕೆಳಗೆ ಕಣ್ಣು ಕುಕ್ಕುವ ಗುಲಾಬಿ, ಪಕ್ಕದಲ್ಲಿ ಸಪ್ಪೆ ಚರ್ಮದ ಬಣ್ಣ ಇದ್ದರೆ ಆ ಡೆಕ್ ಕಿಟಕಿ ಪಕ್ಕ ಬದುಕಿದೆ. ಉಲ್ಟಾ, ಎರಡೂ ಕಡೆ ಒಂದೇ ಹೊಳಪು ಇದ್ದು ಮರ ಮಾತ್ರ ಸವೆದಿದ್ದರೆ ಮೇಲೆ ಹೊಸ ಬಣ್ಣ ಹಚ್ಚಿರಬಹುದು. ಆಗ ಕತ್ತಲಲ್ಲಿ ಅಲ್ಟ್ರಾವಯಲೆಟ್ ಟಾರ್ಚ್ ಬಿಡಿ, ತಿದ್ದಿದ ಜಾಗ ಸಾಮಾನ್ಯವಾಗಿ ಸುತ್ತಲಿನದಕ್ಕಿಂತ ಬೇರೆಯಾಗಿ ಕಾಣುತ್ತೆ. ಗೀರಿನ ಒಳಗೂ ನೋಡಿ. ಹಳೇ ಗೀರಿನ ತಳದಲ್ಲಿ ಕೊಳೆ ಇರಬೇಕು. ವಾರ್ನಿಷ್ ತುಂಬಿದ್ದರೆ ಅದು ಆಮೇಲಿನ ಕೆಲಸ.

ಪ್ರಶ್ನೆ ಕೇಳಿದವರಿಂದ

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಕಬಲೆರೊ ಡೆಕ್ಕಿನ ಹಳೇ ಗ್ರಿಪ್ ಟೇಪ್ ತೆಗೆದು ಸ್ವಚ್ಛ ಮಾಡಿಸಲಾ? ಮೇಲಿನ ಮರ ನೋಡೋ ಆಸೆ.

ಉತ್ತರ, ಸ್ಯಾನ್ ಹೋಸೆ

ದಯವಿಟ್ಟು ಬೇಡ. ಟೇಪಿನ ಜೊತೆ ಮೇಲಿನ ಪದರದ ಎಳೆಯೇ ಕಿತ್ತು ಬರಬಹುದು, ಕಿತ್ತ ಮೇಲೆ ಮತ್ತೆ ಕೂರಿಸಲು ಆಗಲ್ಲ. ಅದನ್ನು ಓಡಿಸಿದ ಹುಡುಗ ಟೇಪನ್ನು ಹೇಗೆ ಕತ್ತರಿಸಿದ್ದ, ಎಲ್ಲಿ ಕಾಲಿಟ್ಟು ನಿಲ್ಲುತ್ತಿದ್ದ ಅನ್ನೋದೂ ಆ ಸವೆತದಲ್ಲೇ ಇದೆ.

ಉತ್ತರ, ಲಾಂಗ್ ಬೀಚ್

ಅವರ ಮಾತನ್ನು ಬಹುಪಾಲು ಒಪ್ತೀನಿ. ಟೇಪು ಕೊಳೆತು ತೇವ ಹಿಡಿದಿದ್ದರೆ ಮಾತ್ರ ತೆಗೆಯಬೇಕು. ಹೇರ್ ಡ್ರೈಯರ್‌ನಿಂದ ಬೆಚ್ಚಗೆ ಮಾಡಿ, ತುದಿಯಿಂದ ಬೆರಳಷ್ಟು ಬೆರಳಷ್ಟೇ ಎಳೆಯಬೇಕು. ನಿಮ್ಮದು ಒಣಗಿ ಗಟ್ಟಿಯಾಗಿದ್ದರೆ ಮುಟ್ಟಬೇಡಿ.

ಈಗ ನಿಮ್ಮ ಮೂರು ಡೆಕ್. ಕಬಲೆರೊ ತಗೊಳ್ಳಿ, ಅದರಲ್ಲಿ ಎಲ್ಲಾ ಬಹಿರಂಗ. ತೂತಿನ ಬಿರುಕು, ಬಾಲದ ಉದ್ದ ನೋಡಿ ಬೆಲೆ ಮಾತಾಡಿ. ರೋಸ್ಕಾಪ್‌ನಲ್ಲಿ ಮೊದಲು ಯಾವುದು ಅಂತ ಗುರುತಿಸಿ, ಯಾಕಂದ್ರೆ ಆ ಸರಣಿಯಲ್ಲಿ ಗುರಿಹಲಗೆ ಸೀಳಿಕೊಂಡು ಬರುವ ರಾಕ್ಷಸ ಮಾದರಿಯಿಂದ ಮಾದರಿಗೆ ಇನ್ನಷ್ಟು ಹೊರಗೆ ಬರ್ತಾನೆ. ಆಮೇಲೆ ಆ ಹೊಳೆಯುವ ವಾರ್ನಿಷ್ ಯಾವಾಗ, ಯಾರು ಹೊಡೆದದ್ದು ಅಂತ ನೇರವಾಗಿ ಕೇಳಿ. ಅವರು ಬಿಚ್ಚಿ ಹೇಳಿದರೆ ರಿಪೇರಿ ಆದ ಡೆಕ್ಕಿನ ಬೆಲೆಗೆ ಕೊಳ್ಳಬಹುದು.

ಟೋನಿ ಹಾಕ್ ಕಷ್ಟದ್ದು. ಹೊದಿಕೆ ಇದೆ ಅಂದ ಮಾತ್ರಕ್ಕೆ ಏನೂ ಸಾಬೀತಾಗಲ್ಲ, ಶ್ರಿಂಕ್ ರ‍್ಯಾಪ್ ಯಾರು ಬೇಕಾದರೂ ಸುತ್ತಬಹುದು. ಪವೆಲ್ ಪೆರಾಲ್ಟಾ ಈ ಮಾದರಿಯನ್ನೂ ಮತ್ತೆ ತಂದಿದೆ. ಹೊದಿಕೆ ಮೇಲಿಂದಲೇ ತೂತು ಎಣಿಸಿ, ಅಳತೆ ತಗೊಳ್ಳಿ. ಟ್ರಕ್ ಒತ್ತಿದ ಗುರುತು, ಬೋಲ್ಟಿನ ತಲೆ ಕೂತ ದುಂಡು ತಗ್ಗು ಇದೆಯಾ ನೋಡಿ. ಅವು ಕಂಡರೆ ಒಮ್ಮೆ ಜೋಡಿಸಿ ಬಿಚ್ಚಿದ್ದಾರೆ, ಹೊದಿಕೆ ಆಮೇಲೆ ಬಂದದ್ದು. ತೂತಿನ ಅಳತೆ ಎರಡೂವರೆ ಇಂಚು ಮಾತ್ರ ಇದ್ದು, ಅಂಚೂ ಚೊಕ್ಕಟವಾಗಿದ್ದು, ಅವರ ಹತ್ತಿರ ಹಳೇ ರಸೀದಿಯೋ ಫೋಟೋನೋ ಇದ್ದರೆ ನನಗೆ ತಿಳಿಸಿ, ಆ ಭಾನುವಾರವೇ ಕಾರು ಹತ್ತಿ ಬಂದು ಜೊತೆಗೆ ನೋಡ್ತೀನಿ. ಇಲ್ಲದಿದ್ದರೆ ರೀಇಷ್ಯೂ ಬೆಲೆಯ ಮೇಲೆ ಒಂದು ಡಾಲರ್ ಕೂಡ ಕೊಡಬೇಡಿ.