ಮಿಲಿಟರಿ ಒನ್ ಟನ್ ನಿಸ್ಸಾನ್‌ಗೆ ಆ ಕಾಲದ್ದೇ ಬೋಲ್ಟು, ಸ್ಕ್ರೂ, ದೀಪ ಎಲ್ಲಿ ಹುಡುಕುವುದು?

ಪೆರ್ಲದ ನಿಸ್ಸಾನ್:

ಎಲ್ಲರಿಗೂ ನಮಸ್ಕಾರ. ನಮ್ಮ ಸೋದರಮಾವ ಮಿಲಿಟರಿ ಹರಾಜಿನಲ್ಲಿ ಹಿಡಿದ ಒನ್ ಟನ್ ನಿಸ್ಸಾನ್, ಅಂದರೆ ಒಂದು ಟನ್ ಹೊರುವ ಸೈನ್ಯದ ಸಣ್ಣ ಲಾರಿ, ಈಗ ನನ್ನ ಅಂಗಳದಲ್ಲಿ ಉಂಟು. ಜಪಾನಿನ ನಿಸ್ಸಾನ್ ಕಂಪನಿಯ ವಿನ್ಯಾಸ, ಜಬಲ್ಪುರದಲ್ಲಿ ಕಟ್ಟಿದ ಗಾಡಿ. ಸೈನ್ಯದ ಜೀಪು ಜೋಂಗಾದಲ್ಲಿ ಬರುತ್ತಿದ್ದ ಅದೇ ಆರು ಸಿಲಿಂಡರಿನ 3956 ಸಿಸಿ ಪೆಟ್ರೋಲ್ ಇಂಜಿನ್. ಎಷ್ಟೋ ವರ್ಷ ನಮ್ಮ ತೋಟದ ಅಡಿಕೆ, ಗೊಬ್ಬರ, ಕೆಂಪುಕಲ್ಲು ಎಲ್ಲ ಹೊತ್ತಿದೆ. ಪುಣ್ಯಕ್ಕೆ ಯಾರೂ ಇಂಜಿನ್ ಕಿತ್ತು ಡೀಸೆಲ್ ಕೂರಿಸಲಿಲ್ಲ.

ಇಂಜಿನ್ ಕೆಲಸಕ್ಕೆ ಒಳ್ಳೆ ಮೇಸ್ತ್ರಿ ಸಿಕ್ಕಿದ್ದಾರೆ. ನನ್ನ ತಲೆಬಿಸಿ ಪೂರ್ತಿ ಸಣ್ಣ ಸಾಮಾನಿನದ್ದು. ಬಾಗಿಲಿನ ಬೋಲ್ಟು, ಡ್ಯಾಶ್‌ಬೋರ್ಡಿನ ಸ್ಕ್ರೂ, ಟಾರ್ಪಾಲಿನ ಹಗ್ಗ ಸಿಕ್ಕಿಸುವ ಕೊಕ್ಕೆ, ಹಿಂದಿನ ದೀಪ. ಗ್ಯಾರೇಜಿನವರು "ಎಲ್ಲ ಹೊಸತು ಹಾಕುವ, ಫಳಫಳ ಹೊಳೀತದೆ" ಅಂತಾರೆ. ಹೊಳೆಯುವುದೇ ನನಗೆ ಬೇಡ. ಹಳದಿ ಪಾಲಿಶಿನ ಬೋಲ್ಟು, ನೈಲಾನ್ ಬಳೆ ಇರುವ ನಟ್ಟು ಈ ಗಾಡಿಯ ಮೈಮೇಲೆ ಕಂಡರೆ ನನಗೆ ಸಂಕಟ ಆಗುತ್ತದೆ.

ಮೊನ್ನೆ ಮೀಟರ್ ಪ್ಯಾನಲ್ ಬಿಚ್ಚಿದೆ. ಸ್ಕ್ರೂ ತಲೆಯ ಗೀರಿನೊಳಗೆ ಪೈಂಟ್ ಗಟ್ಟಿ ಕೂತಿತ್ತು. ಸೂಜಿಯಿಂದ ಕೆರೆದರೆ ಮೇಲೆ ಒಂದು ಹಸಿರು, ಅದರ ಅಡಿ ಇನ್ನೂ ಕಡು ಹಸಿರು, ಕೊನೆಗೆ ಕೆಂಪು ಪ್ರೈಮರ್. ಸ್ಕ್ರೂ ಮಾತ್ರ ತುಕ್ಕಿಲ್ಲದೆ ಬಂತು. ಆದರೆ ಅಂಗಡಿಯಿಂದ ತಂದ 5 ಎಂಎಂ ನಟ್ಟು ಅದಕ್ಕೆ ಎರಡು ಸುತ್ತು ಹೋಗಿ ನಿಂತುಬಿಡುತ್ತದೆ. ಇದು ಯಾವ ಅಳತೆ? ಇಂಥದ್ದು ಎಲ್ಲಿ ಸಿಗಬಹುದು? ಗೊತ್ತಿದ್ದವರು ದಯವಿಟ್ಟು ಹೇಳಿ.

ಕುಂಬಳೆ ಲೇತ್:

ಆ ನಟ್ಟನ್ನು ಇನ್ನು ತಿರುಗಿಸಬೇಡಿ ಮಾರಾಯ್ರೆ, ಥ್ರೆಡ್ ಹೋಗ್ತದೆ. ಹಳೆ ಜಪಾನ್ ಅಳತೆಯಲ್ಲಿ 5 ಎಂಎಂ ಸ್ಕ್ರೂವಿನ ಪಿಚ್, ಅಂದರೆ ಥ್ರೆಡ್ಡಿನ ಒಂದು ಸುತ್ತಿನಿಂದ ಮುಂದಿನ ಸುತ್ತಿಗೆ ಇರುವ ದೂರ, 0.9 ಎಂಎಂ. ಈಗ ಅಂಗಡಿಯಲ್ಲಿ ಸಿಗುವುದು 0.8. ಹಾಗೆಯೇ 4 ಎಂಎಂನದ್ದು ಆಗ 0.75, ಈಗ 0.7. ಕಣ್ಣಿಗೆ ಒಂದೇ ಥರ ಕಾಣ್ತದೆ, ಎರಡು ಸುತ್ತು ಒಳಗೂ ಹೋಗ್ತದೆ, ಆಮೇಲೆ ಬಿಗಿಯಾಗ್ತದೆ. ನೀವು ಹೇಳಿದ ಲಕ್ಷಣ ಅದೇ. ಆದರೂ ಪಿಚ್ ಗೇಜ್ ಹಿಡಿದು ನೋಡದೆ ತೀರ್ಮಾನ ಮಾಡಬೇಡಿ.

ದೊಡ್ಡ ಬೋಲ್ಟಿನಲ್ಲೂ ಜಾಗ್ರತೆ. ಹಾರ್ಡ್‌ವೇರ್ ಅಂಗಡಿಯ 10 ಎಂಎಂ ಬೋಲ್ಟಿಗೆ 1.5 ಪಿಚ್. ಜಪಾನ್ ಗಾಡಿಗಳಲ್ಲಿ ಜಾಸ್ತಿ ಕಾಣುವುದು 1.25. 8 ಎಂಎಂ ಆದರೆ ಎರಡೂ ಕಡೆ 1.25, ಅಲ್ಲಿ ತೊಂದರೆ ಇಲ್ಲ. ಇನ್ನು ತಲೆಯ ಅಳತೆ. ಈಗಿನ 10 ಎಂಎಂ ಬೋಲ್ಟಿನ ತಲೆಗೆ ಕೆಲವು ಕಂಪನಿಯದ್ದಕ್ಕೆ 16ರ ಸ್ಪ್ಯಾನರ್, ಕೆಲವಕ್ಕೆ 17. ಜಪಾನಿನ ಸಣ್ಣ ತಲೆಯದ್ದಾದರೆ 14. ಪಕ್ಕಪಕ್ಕ ಬೇರೆ ಬೇರೆ ತಲೆ ಕೂತರೆ ತಿಳಿದವರಿಗೆ ದೂರದಿಂದಲೇ ಗೊತ್ತಾಗ್ತದೆ.

ನನ್ನ ಸಲಹೆ ಕೇಳಿದರೆ, ಹಳತನ್ನು ಬಿಸಾಡಲೇಬೇಡಿ. ಡೀಸೆಲ್‌ನಲ್ಲಿ ನೆನೆಸಿ, ತಂತಿ ಬ್ರಶ್ ಹಾಕಿ, ಯಾವ ಜಾಗದ್ದು ಅಂತ ಚೀಟಿ ಕಟ್ಟಿ ಬೇರೆ ಬೇರೆ ಡಬ್ಬಿಯಲ್ಲಿ ಇಡಿ. ಥ್ರೆಡ್ ಸರಿ ಇದ್ದು ತಲೆ ಮಾತ್ರ ಸವೆದಿದ್ದರೆ ಬಾಗಿಲಿಗೆ, ಗಾಡಿಯ ಮೈಗೆ ನಡೀತದೆ. ಬ್ರೇಕು, ಸ್ಟೀರಿಂಗು, ಸ್ಪ್ರಿಂಗಿನ ಯು ಬೋಲ್ಟಿಗೆ ಮಾತ್ರ ಹಳತು ಬೇಡವೇ ಬೇಡ. ಅಲ್ಲಿ ತಲೆ ಮೇಲೆ 8.8 ಅಥವಾ 10.9 ಅಂತ ಗಟ್ಟಿತನದ ಗುರುತು ಒತ್ತಿದ ಹೊಸತೇ ಹಾಕಿ, ಮೇಲೆ ಗಾಡಿಯ ಬಣ್ಣ ಬಳಿಯಿರಿ. ನೋಟಕ್ಕಿಂತ ಜೀವ ಮುಖ್ಯ. ಡ್ಯಾಶ್‌ಬೋರ್ಡಿನ ನಟ್ಟು ಎಲ್ಲೂ ಸಿಗದಿದ್ದರೆ ಇಲ್ಲಿಗೆ ತನ್ನಿ, 0.9ರಲ್ಲೇ ಕೊರೆದು ಕೊಡುವ.

ಮುಳ್ಳೇರಿಯ ಇಎಂಇ (ನಿವೃತ್ತ):

ತಮ್ಮಾ, ನಿಮ್ಮ ಪತ್ರ ಓದಿ ಬಹಳ ಸಂತೋಷ ಆಯಿತು. ನಾನು ಸೈನ್ಯದ ಗಾಡಿ, ಯಂತ್ರ ರಿಪೇರಿ ಮಾಡುವ ಇಎಂಇ ವಿಭಾಗದಲ್ಲಿ ಈ ಗಾಡಿಗಳ ಅಡಿಯಲ್ಲೇ ಮಲಗಿ ಕೆಲಸ ಕಲಿತವನು.

ಮೊದಲು ಒಂದು ವಿಷಯ ನಿರ್ಧಾರ ಮಾಡಿ. ಕಾರ್ಖಾನೆಯಿಂದ ಹೊರಟ ದಿನದ ಗಾಡಿ ಬೇಕಾ, ಸೈನ್ಯ ಬಿಟ್ಟ ದಿನದ್ದಾ? ನಡುವೆ ಅದು ವರ್ಕ್‌ಶಾಪಿಗೆ ಬಂದು ಬಿಚ್ಚಿ ಕಟ್ಟಿಸಿಕೊಂಡಿರುತ್ತದೆ. ಎರಡು ಹಸಿರು ಪದರ ಅದರದ್ದೇ ಗುರುತು. ಆಗ ಸ್ಟೋರಿನಲ್ಲಿ ಇದ್ದ ಬೋಲ್ಟನ್ನೇ ನಾವು ಹಾಕುತ್ತಿದ್ದೆವು. ಹಾಗಾಗಿ ಎಡಬಾಗಿಲಿನದ್ದು ಒಂದು ಥರ, ಬಲಬಾಗಿಲಿನದ್ದು ಇನ್ನೊಂದು ಥರ ಇದ್ದರೆ ತಪ್ಪು ಅಂತ ತೆಗೆಯಬೇಡಿ. ಅದೂ ಗಾಡಿಯ ಚರಿತ್ರೆಯೇ.

ಹಿಂದಿನ ದೀಪ ಅಂದಿರಲ್ಲ, ಗಾಡಿಯ ಹೊಟ್ಟೆಯಡಿಯೂ ಒಮ್ಮೆ ನೋಡಿ. ಹಿಂದಿನ ಆಕ್ಸಲಿನ ನಡುವೆ ಗೇರು ಇರುವ ಉರುಟು ಡಬ್ಬಿಗೆ (ಡಿಫರೆನ್ಶಿಯಲ್) ಬಿಳಿ ಬಣ್ಣ ಬಳಿಯುತ್ತಿದ್ದೆವು. ಅದರ ಮೇಲೆ ಬೆಳಕು ಬೀಳುವ ಹಾಗೆ ಚಿಕ್ಕ ಕಾನ್ವಾಯ್ ದೀಪ. ರಾತ್ರಿ ಹೆಡ್‌ಲೈಟ್ ಆರಿಸಿ ಗಾಡಿಗಳು ಸಾಲಾಗಿ ಹೋಗುವಾಗ ಹಿಂದಿನ ಡ್ರೈವರ್ ಆ ಬಿಳಿ ಚುಕ್ಕೆ ನೋಡಿಕೊಂಡೇ ಬರಬೇಕು. ಮೇಲಿನಿಂದ ಶತ್ರುವಿಗೆ ಕಾಣಬಾರದು. ತೋಟಕ್ಕೆ ಬಂದ ಮೇಲೆ ಈ ದೀಪವನ್ನೇ ಜನ ಮೊದಲು ಕೀಳುತ್ತಾರೆ. ಬ್ರಾಕೆಟ್ ಕೂರಿಸಿದ ತೂತು, ವೈರಿನ ಕ್ಲಿಪ್ಪು ಉಳಿದಿರಬಹುದು. ಆ ತೂತು ಮಾತ್ರ ಮುಚ್ಚಿ ವೆಲ್ಡ್ ಮಾಡಿಸಬೇಡಿ.

ಹೊಸಂಗಡಿ ಜೋಂಗಾ:

ಒಂದೇ ಮಾತು, ಬಣ್ಣದ್ದು. 1989ರ ಕೇಂದ್ರ ಮೋಟಾರು ವಾಹನ ನಿಯಮಗಳಲ್ಲಿ 121ನೇ ನಿಯಮ ಓದಿ. ರಕ್ಷಣಾ ಇಲಾಖೆಯದ್ದಲ್ಲದ ಗಾಡಿಗೆ ಆಲಿವ್ ಗ್ರೀನ್ ಹಚ್ಚುವ ಹಾಗಿಲ್ಲ. ಬಾಣದ ಗುರುತಿನ ಮಿಲಿಟರಿ ನಂಬರೂ ಬೇಡ. ನಾನು ನನ್ನ ಜೋಂಗಾಕ್ಕೆ ಮರಳಿನ ಬಣ್ಣ ಹೊಡೆಸಿದೆ. ಮೂಲದ ಹಸಿರನ್ನು ಸೀಟಿನಡಿ ಒಂದು ಅಂಗೈಯಗಲ ಕೆರೆಯದೆ ಹಾಗೇ ಉಳಿಸಿದ್ದೇನೆ.

ಸಾಮಾನಿಗೆ ಬೆಂಗಳೂರಿನ ಶಿವಾಜಿನಗರದ ಗುಜರಿ ಅಂಗಡಿ, ಜೆ.ಸಿ. ರಸ್ತೆ ಎರಡೂ ಸುತ್ತಿ. ಸುಮ್ನೆ "ನಿಸ್ಸಾನ್" ಅಂದರೆ ಈಗಿನ ಕಾರಿನದ್ದು ತೋರಿಸ್ತಾರೆ. ಹಳೆ ಸ್ಯಾಂಪಲ್ ಕೈಯಲ್ಲಿ ಹಿಡಿದೇ ಹೋಗಿ. ಇಂಜಿನ್ ಗ್ಯಾಸ್ಕೆಟ್, ರಬ್ಬರು ಬೇಕಾದರೆ ನಿಸ್ಸಾನಿನದ್ದೇ ಜೀಪು ಪ್ಯಾಟ್ರೋಲ್ 60ರದ್ದು ಅಂತ ಕೇಳಿ. 1980ರ ತನಕ ಬಂದ ಆ ಗಾಡಿಗೂ ಇದೇ ಇಂಜಿನ್. ಹೊರದೇಶದಲ್ಲಿ ಅದನ್ನು ಇಟ್ಟುಕೊಂಡವರು ತುಂಬ ಜನ ಇದ್ದಾರೆ.

ಪೆರ್ಲದ ನಿಸ್ಸಾನ್:

ತುಂಬ ಉಪಕಾರ ಆಯಿತು. ಲೇತಿನ ಅಣ್ಣ ಹೇಳಿದ್ದೇ ಸರಿ, ಗೇಜ್ ಹಿಡಿದರೆ 0.9 ಸರಿಯಾಗಿ ಕೂತಿತು. ಆದಿತ್ಯವಾರ ಕುಂಬಳೆಗೆ ತರುತ್ತೇನೆ.

ಸಾಹೇಬ್ರೆ, ಟಾರ್ಚ್ ಹಿಡಿದು ಅಡಿಗೆ ಹೋದೆ. ಮಣ್ಣು, ಗ್ರೀಸು ಕೆರೆದ ಮೇಲೆ ಡಿಫರೆನ್ಶಿಯಲಿನ ಬಿಳಿ ಬಣ್ಣ ಸಿಕ್ಕಿತು! ಮೇಲಿನ ಅಡ್ಡಪಟ್ಟಿಯಲ್ಲಿ (ಕ್ರಾಸ್ ಮೆಂಬರ್) ಎರಡು ತೂತು, ಕತ್ತರಿಸಿದ ವೈರಿನ ತುಂಡೂ ಉಂಟು. ನಾನು ಸೈನ್ಯ ಬಿಟ್ಟ ದಿನದ ಗಾಡಿಯನ್ನೇ ಉಳಿಸುತ್ತೇನೆ, ಬಾಗಿಲಿನ ಬೋಲ್ಟು ಬದಲಿಸುವುದಿಲ್ಲ. ಬಣ್ಣ ಯಾವುದೆಂದು ಮನೆಯವರ ಹತ್ತಿರ ಕೂತು ಮಾತಾಡಬೇಕು.

ಆ ಕಾನ್ವಾಯ್ ದೀಪ ಯಾರ ಹತ್ತಿರವಾದರೂ ಇದ್ದರೆ ಮಾರಬೇಕಂತಿಲ್ಲ. ಪಕ್ಕದಲ್ಲಿ ಸ್ಕೇಲ್ ಇಟ್ಟು ನಾಲ್ಕೂ ಕಡೆಯ ಫೋಟೋ ಹಾಕಿ, ಬ್ರಾಕೆಟಿನ ತಗಡು ಎಷ್ಟು ದಪ್ಪ ಅಂತಲೂ ಬರೆಯಿರಿ. ಇಲ್ಲೇ ಮಾಡಿಸಿಕೊಳ್ಳುತ್ತೇನೆ.