ಸಹಾಯ ಬೇಕು: ಮಾದರಿ ರೈಲುಹಾದಿಯ ಕಲ್ಲುಕಂಬದ ಬೇಲಿಗೆ ತಂತಿ ಬಿಗಿಯುವುದು ಹೇಗೆ?

ನಮಸ್ಕಾರ. 1:87 ಅಳತೆಯ ಎಚ್‌ಒ ಮಾದರಿಯಲ್ಲಿ ಹಳಿ ಪಕ್ಕದ ರಾಗಿ ಹೊಲಕ್ಕೆ ನಮ್ಮ ಕಡೆಯ ಕಲ್ಲುಕಂಬದ ತಂತಿಬೇಲಿ ಹಾಕುತ್ತಿದ್ದೇನೆ. ಕಂಬಗಳ ಚಿಂತೆಯಿಲ್ಲ. ಐದಡಿ ಕಂಬವೆಂದರೆ ಸುಮಾರು 17.5 ಮಿಲಿಮೀಟರ್, ಪ್ಲಾಸ್ಟಿಕ್ ಪಟ್ಟಿ ಕತ್ತರಿಸಿ, ಉಪ್ಪುಕಾಗದದಲ್ಲಿ ಉಜ್ಜಿ ಅಂಚು ಒರಟಾಗಿಸಿ, ಬೂದು ಬಣ್ಣದ ಮೇಲೆ ನೀರಾದ ಕಪ್ಪು ಹರಿಸಿದರೆ ಕಲ್ಲೇ ಅನ್ನಿಸುತ್ತದೆ.

ತಂತಿಯದೇ ತಲೆನೋವು. ಹಳೆಯ ವೈರಿನ ತಾಮ್ರದ ಎಳೆ ಒಮ್ಮೆ ಸೊಟ್ಟಗಾದರೆ ಮತ್ತೆ ನೆಟ್ಟಗಾಗುವುದಿಲ್ಲ. ಹೊಲಿಗೆ ದಾರ ನಾರೆದ್ದು ಹಗ್ಗದಂತೆ ಕಾಣುತ್ತದೆ. ಎಲಾಸ್ಟಿಕ್ ಎಳೆ ಪರವಾಗಿಲ್ಲ, ಆದರೆ ಬಿಗಿಯಾಗಿ ಎಳೆದರೆ ಮೂಲೆಯ ಕಂಬವೇ ವಾಲುತ್ತದೆ, ಸಡಿಲ ಬಿಟ್ಟರೆ ಜೋಲುತ್ತದೆ. ಸೂಪರ್ ಗ್ಲೂ ತಾಗಿದಲ್ಲೆಲ್ಲ ಬಿಳಿ ಮಬ್ಬು ಬೇರೆ!

ಮೂಲೆ ಕಂಬದೊಳಗೆ ಗುಂಡುಸೂಜಿ ಕೂರಿಸಿ ಹಲಗೆಗೆ ನೆಡಬೇಕೇ, ಅಥವಾ ನಿಜವಾದ ಬೇಲಿಗೆ ಕೊಡುವಂತೆ ಓರೆಗಂಬ ಆನಿಸಿದರೆ ಸಾಕೇ? ಕಲೆ ಬಿಡದ ಅಂಟು ಯಾವುದು? ಮಾಡಿ ನೋಡಿದವರು ದಯವಿಟ್ಟು ತಿಳಿಸಿ.