ಎಂಟಿಬಿ (ಮೌಂಟನ್ ಬೈಕ್) ಹ್ಯಾಂಡಲ್‌ಗೆ ಲೈಟ್, ಮೊಬೈಲ್ ಹೋಲ್ಡರ್, ಬಾರ್ ಎಂಡ್: ಯಾವುದು ಎಲ್ಲಿ ಕೂರಬೇಕು?

ಪ್ರಶ್ನೆ: ಅಣ್ಣಾ, ನಮಸ್ಕಾರ. ನನ್ನದು ಅಲ್ಯೂಮಿನಿಯಂ ಹ್ಯಾಂಡಲ್‌ನ ಎಂಟಿಬಿ. ಬೆಳಗಿನ ಜಾವ ಕತ್ತಲಲ್ಲೇ ನಂದಿ ಬೆಟ್ಟಕ್ಕೆ ಹೊರಡುತ್ತೇವೆ. ಲೈಟು, ಮೊಬೈಲ್ ಹೋಲ್ಡರ್, ಜೊತೆಗೆ ಬೆಟ್ಟ ಹತ್ತುವಾಗ ಹಿಡಿಯೋಕೆ ಹ್ಯಾಂಡಲ್ ತುದಿಗೆ ಹಾಕುವ ಕೊಂಬಿನಂಥ ಬಾರ್ ಎಂಡ್ ತಂದಿದ್ದೇನೆ. ಲೈಟ್ ಎಷ್ಟು ಬಿಗಿ ಮಾಡಿದರೂ ಸ್ವಲ್ಪ ದೂರ ಹೋಗುವಷ್ಟರಲ್ಲಿ ಕೆಳಗೆ ತಿರುಗುತ್ತದೆ. ಬಾರ್ ಎಂಡ್‌ಗಂತೂ ಜಾಗವೇ ಇಲ್ಲ. ಏನು ಮಾಡಲಿ?

ಉತ್ತರ: ಮೊದಲು ಬಿಗಿ ಮಾಡೋದನ್ನು ನಿಲ್ಲಿಸಿ. ಹ್ಯಾಂಡಲ್ ಉದ್ದಕ್ಕೂ ಒಂದೇ ದಪ್ಪ ಇರುವುದಿಲ್ಲ. ಸ್ಟೆಮ್ (ಹ್ಯಾಂಡಲನ್ನು ಸೈಕಲ್‌ಗೆ ಜೋಡಿಸುವ ತುಂಡು) ಹಿಡಿಯುವ ನಡುಭಾಗ ಈಗಿನ ಸೈಕಲ್‌ಗಳಲ್ಲಿ ಹೆಚ್ಚಾಗಿ 31.8 ಮಿ.ಮೀ., ಕೆಲವದರಲ್ಲಿ 35, ಹಳೆಯದರಲ್ಲಿ 25.4. ಗ್ರಿಪ್, ಬ್ರೇಕ್ ಕೂರುವ ಕಡೆ 22.2. ಇವೆರಡರ ನಡುವೆ ಕೊಳವೆ ಸಣ್ಣಗಾಗುತ್ತಾ ಹೋಗುತ್ತದೆ. ನಿಮ್ಮ ಲೈಟ್ ಬಹುಶಃ ಆ ಇಳಿಜಾರಿನ ಮೇಲೆ ಕೂತಿದೆ. ಅಲ್ಲಿ ಕ್ಲ್ಯಾಂಪ್‌ನ ಒಂದು ಅಂಚು ಮಾತ್ರ ಹಿಡಿದಿರುತ್ತದೆ, ಎಷ್ಟು ತಿರುಗಿಸಿದರೂ ಸ್ಕ್ರೂ ಥ್ರೆಡ್ ಹೋಗುತ್ತದೆ ಅಷ್ಟೇ.

ಅಳೆಯೋಕೆ ವರ್ನಿಯರ್ ಬೇಕಾಗಿಲ್ಲ. ಒಂದು ಪೇಪರ್ ಪಟ್ಟಿ ಸುತ್ತಿ, ಸೇರುವಲ್ಲಿ ಗೆರೆ ಎಳೆದು ಸ್ಕೇಲ್ ಇಡಿ. 10 ಸೆಂ.ಮೀ. ಬಂದರೆ 31.8, 8 ಬಂದರೆ 25.4, 7 ಬಂದರೆ 22.2. ಲೈಟನ್ನು ಸ್ಟೆಮ್‌ ಪಕ್ಕದ ಸಮ ದಪ್ಪದ ಜಾಗಕ್ಕೆ ತನ್ನಿ. ಕ್ಲ್ಯಾಂಪ್ ದೊಡ್ಡದಾದರೆ ಡಬ್ಬಿಯಲ್ಲಿ ಬಂದ ರಬ್ಬರ್ ಹಾಕಿ. ಅದು ಕಳೆದುಹೋಗಿದ್ದರೆ ಹಳೇ ಟ್ಯೂಬ್ ತುಂಡೂ ಆಗುತ್ತದೆ.

ಬಾರ್ ಎಂಡ್‌ಗೆ ತುದಿಯಲ್ಲಿ ಸುಮಾರು 2 ಸೆಂ.ಮೀ. ಬರೀ ಕೊಳವೆ ಬೇಕು. ಬ್ರೇಕ್, ಶಿಫ್ಟರ್ (ಗೇರ್ ಬದಲಿಸುವ ಲಿವರ್) ಎರಡನ್ನೂ ಅಲೆನ್ ಕೀಯಿಂದ ಸಡಿಲಿಸಿ ಒಳಗೆ ಸರಿಸಿ, ಆಮೇಲೆ ಗ್ರಿಪ್. ಬೋಲ್ಟ್ ಇರುವ ಗ್ರಿಪ್ ಸುಲಭ. ಬರೀ ರಬ್ಬರಿನದಾದರೆ ಅಂಚು ಸ್ವಲ್ಪ ಎತ್ತಿ, ಒಳಗೆ ಸ್ಯಾನಿಟೈಸರ್ ಬಿಟ್ಟು ತಿರುಚಿ. ಎಣ್ಣೆ ಮಾತ್ರ ಬೇಡ. ಅದು ಆರುವುದಿಲ್ಲ, ಇಳಿಯುವಾಗ ಗ್ರಿಪ್ ಕೈಯಲ್ಲೇ ಜಾರುತ್ತದೆ. ತುದಿ ಮುಚ್ಚಿದ ಗ್ರಿಪ್ ಆದರೆ ಆ ತುದಿ ಕತ್ತರಿಸಬೇಕಾಗುತ್ತದೆ. ಎಲ್ಲ ಮುಗಿದ ಮೇಲೆ ಕೊಳವೆಯ ಬಾಯಿಗೆ ಪ್ಲಗ್ ಹಾಕಲೇಬೇಕು. ಬಿದ್ದಾಗ ತೆರೆದ ಕೊಳವೆ ಹೊಟ್ಟೆಗೆ ಹೊಕ್ಕರೆ ಗಾಯ ತುಂಬಾ ಕೆಟ್ಟದಾಗಿರುತ್ತದೆ.

ಬ್ರೇಕ್ ಕ್ಲ್ಯಾಂಪನ್ನು ಪೂರ್ತಿ ಬಿಗಿ ಮಾಡಬೇಡಿ. ಓಡಿಸುವಾಗ ಅಲುಗಬಾರದು, ಆದರೆ ಬಿದ್ದಾಗ ಲಿವರ್ ಮುರಿಯದೆ ತಿರುಗುವಂತಿರಬೇಕು.

ಪ್ರಶ್ನೆ: ತುಂಬಾ ಥ್ಯಾಂಕ್ಸ್ ಅಣ್ಣಾ. ಮೊಬೈಲ್ ಹೋಲ್ಡರ್ ಸ್ಟೆಮ್ ಮೇಲಿನ ಕ್ಯಾಪ್ ಬದಲು ಹಾಕುವಂಥದ್ದು. ಆ ಬೋಲ್ಟ್ ಬಿಚ್ಚಿದರೆ ಮುಂದಿನ ಚಕ್ರ ಹಿಡಿದಿರುವ ಫೋರ್ಕ್ ಸಡಿಲ ಆಗಲ್ವಾ?

ಉತ್ತರ: ಒಳ್ಳೆಯ ಪ್ರಶ್ನೆ. ಸ್ಟೆಮ್‌ನ ಪಕ್ಕದ ಬೋಲ್ಟ್‌ಗಳು ಬಿಗಿಯಾಗಿದ್ದರೆ ಏನೂ ಆಗುವುದಿಲ್ಲ. ಫೋರ್ಕನ್ನು ಹಿಡಿದಿರುವುದು ಅವು. ಅವನ್ನು ಮುಟ್ಟಬೇಡಿ. ಮೇಲಿನದನ್ನಷ್ಟೇ ಬದಲಿಸಿ, ಹದವಾಗಿ ಕೂರಿಸಿ. ಆಮೇಲೆ ಮುಂದಿನ ಬ್ರೇಕ್ ಹಿಡಿದು ಸೈಕಲ್ ಹಿಂದೆ ಮುಂದೆ ಅಲುಗಿಸಿ ನೋಡಿ, ಹೆಡ್‌ಸೆಟ್ (ಫೋರ್ಕ್ ತಿರುಗುವ ಬೇರಿಂಗ್) ಹತ್ತಿರ ಟಕ್ ಅನ್ನಬಾರದು. ಕಲ್ಲು ದಾರಿಗೆ ಇಳಿಯುವ ದಿನ ಮೊಬೈಲ್ ಬ್ಯಾಗಿನಲ್ಲಿರಲಿ. ಜೋರು ಅದುರಾಟಕ್ಕೆ ಕೆಲವು ಫೋನ್‌ಗಳ ಕ್ಯಾಮೆರಾ ಹಾಳಾಗುತ್ತದೆ.

ಇನ್ನೊಬ್ಬರ ಪ್ರಶ್ನೆ: ಸರ್, ನನ್ನದು ಕಾರ್ಬನ್ ಹ್ಯಾಂಡಲ್. ಇದೇ ರೀತಿ ಬಾರ್ ಎಂಡ್ ಹಾಕಬಹುದಾ?

ಉತ್ತರ: ಹ್ಯಾಂಡಲ್ ಮಾಡಿದ ಕಂಪನಿ ಹಾಕಬಹುದು ಅಂತ ಬರೆದಿದ್ದರೆ ಮಾತ್ರ ಹಾಕಿ. ಇಲ್ಲದಿದ್ದರೆ ಬೇಡ. ಕ್ಲ್ಯಾಂಪ್ ಒತ್ತಿದ ಕಡೆ ಒಳಗಿನ ಪದರ ಬಿರುಕು ಬಿಟ್ಟರೆ ಹೊರಗೆ ಕಾಣುವುದೇ ಇಲ್ಲ. ಲೈಟ್ ಹಾಕುವುದಾದರೂ ರಬ್ಬರ್ ಪಟ್ಟಿಯದು ಕೊಳ್ಳಿ. ಸ್ಟೆಮ್, ಬ್ರೇಕ್ ಬೋಲ್ಟ್‌ಗಳಿಗೆ ಟಾರ್ಕ್ ರೆಂಚ್ (ಎಷ್ಟು ಬಿಗಿ ಅಂತ ಅಳೆಯುವ ಪಾನಾ) ಬೇಕೇ ಬೇಕು. ಎಷ್ಟು ನ್ಯೂಟನ್ ಮೀಟರ್ ಅಂತ ಸಾಮಾನ್ಯವಾಗಿ ಆಯಾ ಭಾಗದ ಮೇಲೇ ಅಚ್ಚು ಹಾಕಿರುತ್ತಾರೆ. ಗ್ರೀಸ್ ಬದಲು ಜಾರದಂತೆ ಹಿಡಿಯುವ ಕಾರ್ಬನ್ ಪೇಸ್ಟ್ ಹಚ್ಚಿದರೆ ಕಡಿಮೆ ಬಿಗಿಯಲ್ಲೇ ಹಿಡಿಯುತ್ತದೆ.